ಲಾರಿಯ ಎಳೆತವೂ ಕ್ಯಾಟಲಿಟಿಕ್ ಕನ್ವರ್ಟರೂ



ಲಾರಿ ಇಟ್ಟುಕೊಂಡವರು, ಲಾರಿ ಓಡಿಸುವವರು ಗ್ಯಾರೇಜಿನಲ್ಲೋ ಡಾಬಾದಲ್ಲೋ ಕೂಡಿದಾಗ ಈಚೆಗೆ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಹೊಗೆಯ ಹೊಸ ನಿಯಮವಾದ ಬಿಎಸ್-6ರ ಗಾಡಿ ಬಂದ ಮೇಲೆ ಸೈಲೆನ್ಸರಿನದೇ ಕಾಟ. ಘಾಟಿಯಲ್ಲಿ ಗಾಡಿ ಎಳೆಯುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಳ್ಳುತ್ತದೆ, ಸರ್ವಿಸ್ ಸೆಂಟರಿಗೆ ಹೋದರೆ ಲಕ್ಷದ ಲೆಕ್ಕದಲ್ಲೇ ಮಾತಾಡುತ್ತಾರೆ ಎಂಬ ದೂರು. ಅದರ ಬೆನ್ನಿಗೇ ಎರಡು ಸಲಹೆಗಳೂ ಬರುತ್ತವೆ. ಸೈಲೆನ್ಸರಿನೊಳಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಖಾಲಿ ಪೈಪು ಹಾಕಿಸು ಎನ್ನುತ್ತಾರೆ ಕೆಲವರು. ಹೊಗೆಯನ್ನು ಇನ್ನಷ್ಟು ಸರಾಗವಾಗಿ ಬಿಡುವ, ಇದಕ್ಕಿಂತ ಉತ್ತಮವಾದದ್ದು ಸಿಗುತ್ತದೆ, ಅದನ್ನು ಹಾಕಿಸು ಎನ್ನುತ್ತಾರೆ ಇನ್ನು ಕೆಲವರು.

ಎರಡನೆಯ ಸಲಹೆಯಲ್ಲಿ ಒಂದಿಷ್ಟು ನಿಜವಿದೆ, ಅದು ಯಾವ ಗಾಡಿಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲನೆಯ ಸಲಹೆ ಪೂರ್ತಿ ತಪ್ಪು. ಲಾರಿಯ ಎಳೆತ ಕಡಿಮೆಯಾಗಿದ್ದರೆ ಅದರ ಮೂಲ ಬಹುಮಟ್ಟಿಗೆ ಕನ್ವರ್ಟರಿಗಿಂತ ಮುಂದೆ, ಎಂಜಿನ್ನಿನಲ್ಲೇ ಇರುತ್ತದೆ. ಕನ್ವರ್ಟರು ಕಟ್ಟಿಕೊಳ್ಳುವುದು ಅದರ ಫಲ. ಈ ಒಂದು ಮಾತನ್ನು ಮನದಟ್ಟು ಮಾಡಿಸುವುದಕ್ಕಾಗಿಯೇ ಈ ಹೊತ್ತಿನ ಭಾಷಣ.

ಈ ಸಾಧನ ಹುಟ್ಟಿದ ಬಗೆಯನ್ನು ಮೊದಲು ಚುಟುಕಾಗಿ ನೋಡೋಣ. ಯೂಜೀನ್ ಹೌಡ್ರಿ ಎಂಬ ಫ್ರೆಂಚ್ ಎಂಜಿನಿಯರ್ ಕಚ್ಚಾ ಎಣ್ಣೆಯಿಂದ ಹೆಚ್ಚು ಪೆಟ್ರೋಲ್ ತೆಗೆಯುವ ವಿಧಾನ ಕಂಡುಹಿಡಿದು, ಅದನ್ನು ಬೆಳೆಸಲು ಅಮೆರಿಕಕ್ಕೆ ಹೋದವನು. ತಾನು ಹೆಚ್ಚಿಸಿದ ಪೆಟ್ರೋಲು ಉರಿದು ಲಾಸ್ ಏಂಜಲೀಸಿನಂಥ ಊರುಗಳ ಗಾಳಿಯನ್ನು ಕೆಡಿಸುವುದನ್ನು ನೋಡಿ, ಹೊಗೆಯನ್ನು ಕೊಳವೆಯೊಳಗೇ ಶುದ್ಧಿ ಮಾಡುವ ಕೆಲಸಕ್ಕೂ ಅವನೇ ಇಳಿದ. 1950ರ ದಶಕದಲ್ಲಿ ಅವನಿಗೆ ಪೇಟೆಂಟೂ ಸಿಕ್ಕಿತು. ಆದರೆ ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ತಗುಲಿದರೆ ಕನ್ವರ್ಟರಿನ ಲೋಹದ ಲೇಪ ಸತ್ತುಹೋಗುತ್ತದೆ. ಹಾಗಾಗಿ ಅವನ ಶೋಧ ಕಾರುಗಳ ಮೇಲೆ ಏರಲಿಲ್ಲ. ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾಯ್ದೆ ಬಂದು, ಸೀಸವಿಲ್ಲದ ಪೆಟ್ರೋಲು ಬಂದು, 1975ರ ಮಾದರಿಯ ಕಾರುಗಳಲ್ಲಿ ಕನ್ವರ್ಟರು ಕಾಣಿಸಿಕೊಳ್ಳುವ ಹೊತ್ತಿಗೆ ಹೌಡ್ರಿ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸುಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲು ದೇಶದಿಂದ ಪೂರ್ತಿ ಮರೆಯಾದದ್ದು 2000ದಲ್ಲಿ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಕನ್ವರ್ಟರು ಒಳಗೆ ಬರುವುದನ್ನು ನಂಬಿ ಬದುಕುವ ಸಾಧನ. ಅದಕ್ಕೆ ಬರುವ ಹೊಗೆಯಲ್ಲಿ ವಿಷವಿದ್ದರೆ ಅದು ಕೆಟ್ಟೇ ಕೆಡುತ್ತದೆ. ಅಂದು ಸೀಸ ಮಾಡಿದ ಕೆಲಸವನ್ನು ಇಂದು ಲಾರಿಗಳಲ್ಲಿ ಗಂಧಕ, ತಪ್ಪು ದರ್ಜೆಯ ಎಂಜಿನ್ ಆಯಿಲ್, ಸೋರುವ ಟರ್ಬೊ, ಕಲಬೆರಕೆ ಯೂರಿಯಾ ಮಾಡುತ್ತಿವೆ.

ಪೆಟ್ರೋಲ್ ಕಾರಿನಲ್ಲಿ ಒಂದೇ ಡಬ್ಬಿ ಮೂರು ಕೆಲಸ ಮಾಡಿಬಿಡುತ್ತದೆ. ಅರೆಬರೆ ಉರಿದ ಇಂಧನವನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಸುಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆದು ಬರಿಯ ನೈಟ್ರೋಜನ್ ಮಾಡುತ್ತದೆ. ಡೀಸೆಲ್‌ನಲ್ಲಿ ಇದು ಸಾಧ್ಯವಿಲ್ಲ. ಡೀಸೆಲ್ ಎಂಜಿನ್ ಉರಿಯುವುದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಸೇದಿಕೊಳ್ಳುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದುಬಿಡುತ್ತದೆ. ಆಮ್ಲಜನಕ ತುಂಬಿದ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡನ್ನು ಒಡೆಯುವುದಕ್ಕೆ ಪೆಟ್ರೋಲ್ ಕಾರಿನ ಕನ್ವರ್ಟರಿಗೆ ಶಕ್ತಿ ಸಾಲದು. ಜೊತೆಗೆ ಡೀಸೆಲ್ ಮಸಿ ಉಗುಳುತ್ತದೆ. ಅದಕ್ಕೇ ಬಿಎಸ್-6 ಲಾರಿಯ ಸೈಲೆನ್ಸರ್ ಡಬ್ಬಿ ಅಷ್ಟು ದೊಡ್ಡದು. ಅದರೊಳಗೆ ಒಂದರ ಹಿಂದೆ ಒಂದು ಬೇರೆ ಬೇರೆ ಕೆಲಸದ ಕೋಣೆಗಳಿವೆ.

ಹೊಗೆ ಮೊದಲು ಹೋಗುವುದು ಡಿಓಸಿ ಎಂದು ಕರೆಯುವ ಭಾಗಕ್ಕೆ. ಇದು ಪಿಂಗಾಣಿ ಜಾತಿಯ ಒಂದು ಇಟ್ಟಿಗೆ, ಉದ್ದಕ್ಕೂ ಜೇನುಗೂಡಿನ ಹಾಗೆ ಸಾವಿರಾರು ತೂತುಗಳು. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ ಬೆರೆಸಿದ ಲೇಪವಿರುತ್ತದೆ. ಉರಿಯದೆ ಉಳಿದ ಇಂಧನವನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಇದು ಸುಡುತ್ತದೆ. ಮುಂದಿನ ಕೋಣೆಗೆ ಬೇಕಾದ ಶಾಖವನ್ನೂ ನೈಟ್ರೋಜನ್ ಡೈಆಕ್ಸೈಡನ್ನೂ ಒದಗಿಸುತ್ತದೆ. ಮುಂದಿನದು ಡಿಪಿಎಫ್. ಇದೂ ಅಂಥದೇ ಇಟ್ಟಿಗೆ, ಆದರೆ ತೂತುಗಳು ಒಂದು ಬಿಟ್ಟು ಒಂದು ಮುಚ್ಚಿರುತ್ತವೆ. ಹೊಗೆ ನೇರ ಹೊರಬೀಳುವ ಹಾಗಿಲ್ಲ. ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಸೋಸಿಕೊಂಡು ಪಕ್ಕದ ತೂತಿಗೆ ದಾಟಬೇಕು. ಮಸಿ ಇಲ್ಲಿ ಉಳಿಯುತ್ತದೆ. ಆಮೇಲೆ ಹೊಗೆಗೆ ಯೂರಿಯಾ ದ್ರಾವಣ ಚಿಮ್ಮುತ್ತದೆ. ಅದು ಶಾಖಕ್ಕೆ ಅಮೋನಿಯ ಆಗುತ್ತದೆ. ಎಸ್‌ಸಿಆರ್ ಎಂಬ ಮೂರನೆಯ ಕೋಣೆಯಲ್ಲಿ ಅಮೋನಿಯ ಮತ್ತು ನೈಟ್ರೋಜನ್ ಆಕ್ಸೈಡುಗಳು ಸೇರಿ ನೈಟ್ರೋಜನ್ ಮತ್ತು ನೀರಿನ ಆವಿಯಾಗಿ ಹೊರಬರುತ್ತವೆ. ಮಿಕ್ಕ ಅಮೋನಿಯವನ್ನು ಕೊನೆಯ ಒಂದು ಸಣ್ಣ ಭಾಗ ಸುಟ್ಟುಹಾಕುತ್ತದೆ.

ಇಷ್ಟೆಲ್ಲ ಏಕೆ ಬೇಕಾಯಿತು ಎಂದರೆ ಲೆಕ್ಕ ಹೀಗಿದೆ. ಬಿಎಸ್-4ರ ದೊಡ್ಡ ಲಾರಿ ಎಂಜಿನ್ ಪ್ರತಿ ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಬಿಎಸ್-6ರಲ್ಲಿ ಅದು 0.4 ಗ್ರಾಂ. ನಮ್ಮ ದೇಶ ಬಿಎಸ್-5ನ್ನು ಬಿಟ್ಟು, ನಾಲ್ಕರಿಂದ ನೇರ ಆರಕ್ಕೆ ಜಿಗಿಯಿತು. 2020ರ ಏಪ್ರಿಲ್ 1ರಿಂದ ದೇಶದ ತುಂಬ ಒಂದೇ ನಿಯಮ. ಅದರ ಜೊತೆಗೇ ಡೀಸೆಲ್‌ನ ಗಂಧಕವೂ 50ರಿಂದ 10 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಭಾಗಕ್ಕೆ ಇಳಿಯಿತು. ಗಂಧಕ ಅಷ್ಟು ಇಳಿಯದಿದ್ದರೆ ಈ ಲೇಪಗಳು ಬಾಳುತ್ತಿರಲಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಎಲ್ಲ ರಿಫೈನರಿಗಳೂ ಅದಕ್ಕಾಗಿ ತಮ್ಮ ಘಟಕಗಳನ್ನು ಸುಧಾರಿಸಿಕೊಂಡವು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಡಬ್ಬಿ ಎಂಜಿನ್ನಿನ ಶಕ್ತಿ ತಿನ್ನುತ್ತದೆಯೇ?

ಸ್ವಲ್ಪ ತಿನ್ನುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಹೊಗೆಯನ್ನು ಹೊರದಬ್ಬಲು ಎಂಜಿನ್ ಒಂದಿಷ್ಟು ಕೆಲಸ ಮಾಡಲೇಬೇಕು. ಮೆಕ್ಯಾನಿಕ್ಕುಗಳು ಇದಕ್ಕೆ ಬ್ಯಾಕ್ ಪ್ರೆಷರ್ ಎನ್ನುತ್ತಾರೆ. ಆದರೆ ಶುಚಿಯಾಗಿರುವ ಡಬ್ಬಿಯ ಬ್ಯಾಕ್ ಪ್ರೆಷರ್ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ಕಂಪನಿ ಆ ಎಂಜಿನ್ನಿಗೆ ಟರ್ಬೊ ಆರಿಸಿರುತ್ತದೆ, ಇಂಜೆಕ್ಷನ್ ಹೊಂದಿಸಿರುತ್ತದೆ. ಶೋರೂಮಿನಲ್ಲಿ ನಿಮಗೆ ಹೇಳುವ ಹಾರ್ಸ್‌ಪವರ್, ಟಾರ್ಕ್ ಎಲ್ಲ ಆ ಡಬ್ಬಿ ಇರುವಾಗಲೇ ಸಿಗುವಂಥವು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಅದೇ. ಡೀಸೆಲ್ ಎಂಜಿನ್ ಒಳಗೆ ಬೆಂಕಿ ಹೆಚ್ಚು ಬಿಸಿಯಾಗಿ ಉರಿದಷ್ಟೂ ಅದೇ ಲೀಟರ್ ಡೀಸೆಲ್‌ನಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಬಿಸಿ ಹೆಚ್ಚಿದಷ್ಟೂ ನೈಟ್ರೋಜನ್ ಆಕ್ಸೈಡೂ ಹೆಚ್ಚುತ್ತದೆ. ಎಸ್‌ಸಿಆರ್ ಇಲ್ಲದೆ ಅದನ್ನು ಹಿಡಿತದಲ್ಲಿ ಇಡಬೇಕಾದರೆ ಎಂಜಿನ್ನಿನ ಬೆಂಕಿಯನ್ನೇ ತಣ್ಣಗೆ ಮಾಡಬೇಕು. ಒಂದೋ ಡೀಸೆಲ್ ಚಿಮ್ಮುವ ಗಳಿಗೆಯನ್ನು ತಡ ಮಾಡಬೇಕು, ಇಲ್ಲವೇ ಇಜಿಆರ್ ಮೂಲಕ ಹೊಗೆಯನ್ನೇ ಮತ್ತೆ ಸಿಲಿಂಡರಿಗೆ ಕಳಿಸಬೇಕು. ಎರಡರಿಂದಲೂ ಮೈಲೇಜು ಬೀಳುತ್ತದೆ, ಮಸಿ ಹೆಚ್ಚುತ್ತದೆ. ಸೈಲೆನ್ಸರಿನಲ್ಲಿ ಒಳ್ಳೆಯ ಎಸ್‌ಸಿಆರ್ ಇದ್ದರೆ ಎಂಜಿನ್ನನ್ನು ಅದರ ಪಾಡಿಗೆ ಬಿಸಿಯಾಗಿ ಉರಿಯಲು ಬಿಡಬಹುದು. ಶುದ್ಧಿಯ ಕೆಲಸ ಹಿಂದೆ ನಡೆಯುತ್ತದೆ. ಇಟಲಿಯ ಇವೆಕೊ ಕಂಪನಿ ಯೂರೋಪಿನ ಯೂರೋ-6 ನಿಯಮಕ್ಕೆ ಬಂದಾಗ ತನ್ನ ದೊಡ್ಡ ಲಾರಿಗಳಲ್ಲಿ ಇಜಿಆರ್ ಬಳಸದೆಯೇ, ಎಸ್‌ಸಿಆರನ್ನು ಬಲಪಡಿಸಿ, ಅದರಿಂದಲೇ ನಿಯಮ ಪಾಲಿಸಿ ತೋರಿಸಿತು. ಅಂದರೆ ಉತ್ತಮವಾದ ಕನ್ವರ್ಟರು ಎಂಜಿನ್ನಿಗೆ ಸ್ವಾತಂತ್ರ್ಯ ಕೊಡುತ್ತದೆ. ಲಾರಿಯ ಕನ್ವರ್ಟರನ್ನು ಸುಧಾರಿಸಿ ಶಕ್ತಿ ಪಡೆಯುವ ನಿಜವಾದ ದಾರಿ ಇದು. ಇದು ನಡೆಯುವುದು ಎಂಜಿನ್ ವಿನ್ಯಾಸ ಮಾಡುವ ಮೇಜಿನ ಮೇಲೆ, ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಲ.

ಹಾಗಾದರೆ ಓಡುತ್ತಿರುವ ಗಾಡಿಯಲ್ಲಿ ಎಳೆತ ಬಿದ್ದುಹೋಗುವುದು ಏಕೆ? ಡಿಪಿಎಫ್‌ನಲ್ಲಿ ಮಸಿ ತುಂಬಿಕೊಳ್ಳುವುದರಿಂದ. ಫಿಲ್ಟರಿನ ಮುಂದೂ ಹಿಂದೂ ಒತ್ತಡ ಅಳೆಯುವ ಸೆನ್ಸರಿದೆ. ವ್ಯತ್ಯಾಸ ಮಿತಿ ಮೀರಿತೆಂದರೆ ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಎಂ, ದೀಪ ಹಚ್ಚುತ್ತದೆ. ಆಮೇಲೆ ಶಕ್ತಿಯನ್ನು ತಾನೇ ತಗ್ಗಿಸುತ್ತದೆ. ಅದು ಗಾಡಿಯನ್ನು ಕಾಪಾಡುವ ಕ್ರಮ.

ಮಸಿ ತುಂಬಿಕೊಳ್ಳುವುದು ಸಹಜ, ಅದು ಸುಟ್ಟುಹೋಗುವ ವ್ಯವಸ್ಥೆಯೂ ಇದೆ. ಹೊಗೆಯ ಬಿಸಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ನಿಧಾನವಾಗಿ ತಿಂದುಹಾಕುತ್ತದೆ. ತುಂಬಿದ ಲೋಡಿನಲ್ಲಿ ಶಿರಾಡಿ ಘಾಟಿಯನ್ನೋ ಅರಬೈಲು ಘಾಟಿಯನ್ನೋ ಹತ್ತುವ ಲಾರಿಯ ಹೊಗೆ ಇದಕ್ಕಿಂತ ಬಹಳ ಬಿಸಿ ಇರುತ್ತದೆ. ಹತ್ತುವಾಗಲೇ ಫಿಲ್ಟರು ತನ್ನನ್ನು ತಾನು ತೊಳೆದುಕೊಳ್ಳುತ್ತದೆ. ಆದ್ದರಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ದಾಟಿ ಮಹಾರಾಷ್ಟ್ರದ ಕಡೆಗೆ ಎಡೆಬಿಡದೆ ಓಡುವ ಲಾರಿಗಳಿಗೆ ಈ ಕಾಟ ಕಡಿಮೆ. ಬೆಂಗಳೂರಿನೊಳಗೆ ನಿಂತು ನಿಂತು ಸಾಗುವ ಟಿಪ್ಪರು, ಕಸದ ಲಾರಿ, ನೀರಿನ ಟ್ಯಾಂಕರುಗಳಿಗೆ ಹೆಚ್ಚು. ಎಂಜಿನ್ ಆನ್ ಇಟ್ಟು ಗಂಟೆಗಟ್ಟಲೆ ಸಾಲಿನಲ್ಲಿ ನಿಂತ ಗಾಡಿಯ ಹೊಗೆ ಬಿಸಿಯೇ ಆಗುವುದಿಲ್ಲ. ಮಸಿ ಸೇರುತ್ತ ಹೋಗುತ್ತದೆ, ಸುಡುವುದಿಲ್ಲ.

ಅಂಥ ಗಾಡಿಗಳಿಗಾಗಿ ಎರಡನೆಯ ವ್ಯವಸ್ಥೆಯಿದೆ. ಕಂಪ್ಯೂಟರು ಹೆಚ್ಚುವರಿ ಡೀಸೆಲ್ ಕಳಿಸಿ ಡಿಓಸಿಯಲ್ಲಿ ಉರಿಸಿ, ಬಿಸಿಯನ್ನು 550-600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದನ್ನು ಗ್ಯಾರೇಜುಗಳಲ್ಲಿ ರೀಜನರೇಷನ್ ಎನ್ನುತ್ತಾರೆ, ಇನ್ನೂ ಚುಟುಕಾಗಿ ರೀಜನ್. ಕೆಲವು ಗಾಡಿಗಳಲ್ಲಿ ನಿಲ್ಲಿಸಿ ಸ್ವಿಚ್ ಒತ್ತಿ ಮಾಡಿಸಬೇಕು. ಅದನ್ನು ಅರ್ಧಕ್ಕೇ ನಿಲ್ಲಿಸಿ ಹೊರಟರೆ ಡೀಸೆಲ್ ಖರ್ಚಾಗಿರುತ್ತದೆ, ಮಸಿ ಹಾಗೇ ಇರುತ್ತದೆ. ಸಿಲಿಂಡರಿನಲ್ಲೇ ತಡವಾಗಿ ಡೀಸೆಲ್ ಚಿಮ್ಮಿಸುವ ಗಾಡಿಯಾದರೆ ಒಂದು ಪಾಲು ಇಳಿದು ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಆಯಿಲು ತೆಳ್ಳಗಾಗುತ್ತದೆ. ಮತ್ತೆ ಮತ್ತೆ ಹೀಗಾದರೆ ಬೇರಿಂಗಿಗೆ ಅಪಾಯ.

ರೀಜನ್ ಬೇಗ ಬೇಗ ಕೇಳುತ್ತಿದೆ ಎಂದರೆ ಡಬ್ಬಿಯನ್ನು ಬಯ್ಯಬೇಡಿ, ಎಂಜಿನ್ನನ್ನು ನೋಡಿ. ಇಂಜೆಕ್ಟರಿನ ತುದಿ ಸವೆದು ಡೀಸೆಲ್ ಸಣ್ಣ ತುಂತುರಾಗಿ ಬರುವ ಬದಲು ಹನಿ ಹನಿಯಾಗಿ ಬಿದ್ದರೆ ಮಸಿ ಹೆಚ್ಚುತ್ತದೆ. ಏರ್ ಫಿಲ್ಟರ್ ಕಟ್ಟಿದರೆ ಗಾಳಿ ಸಾಲದೆ ಮಸಿ ಹೆಚ್ಚುತ್ತದೆ. ಸಂಡೂರು, ಹೊಸಪೇಟೆಯ ಅದಿರಿನ ಧೂಳಿನಲ್ಲಿ ಓಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಟರ್‌ಕೂಲರಿನ ರಬ್ಬರ್ ಹೋಸು ಎಲ್ಲೋ ಸೀಳಿ ಟರ್ಬೊ ತುಂಬಿದ ಗಾಳಿ ಸೋರಿದರೂ ಅಷ್ಟೇ. ಟರ್ಬೊದ ಸೀಲು ಹೋಗಿ ಆಯಿಲ್ ಹೊಗೆಗೆ ಬೆರೆತರೆ ಡಿಓಸಿಯ ಲೇಪ ಹಾಳಾಗುತ್ತದೆ. ಹೊಸ ಡಿಪಿಎಫ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಕಟ್ಟಿಕೊಂಡ ಗಾಡಿಗಳ ಕಥೆಯ ಹಿಂದೆ ಹೆಚ್ಚಾಗಿ ಇಂಥದೊಂದು ಸಣ್ಣ ಕಾರಣ ಇರುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಕ್ಲಾಂಪು ಸಡಿಲವಾದದ್ದನ್ನು ನೋಡದೆ ಲಕ್ಷದ ಡಬ್ಬಿ ಬದಲಿಸುತ್ತಾರಲ್ಲ, ಅದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ದುಡ್ಡು ಎಷ್ಟೋ ಸಲ ಒಂದೇ ಗಾಡಿಯನ್ನು ನಂಬಿದ ಮನೆಯ ದುಡ್ಡು.

ಮಸಿಯ ಜೊತೆಗೆ ಇನ್ನೊಂದು ಉಂಟು, ಬೂದಿ. ಇದನ್ನು ಬೇರೆಯಾಗಿಯೇ ಅರ್ಥ ಮಾಡಿಕೊಳ್ಳಬೇಕು. ಮಸಿ ಡೀಸೆಲ್‌ನಿಂದ ಬರುತ್ತದೆ, ಸುಟ್ಟರೆ ಹೋಗುತ್ತದೆ. ಬೂದಿ ಬರುವುದು ಎಂಜಿನ್ ಆಯಿಲಿನಿಂದ. ಆಯಿಲಿನಲ್ಲಿ ಕ್ಯಾಲ್ಸಿಯಂ, ಸತು, ರಂಜಕ ಬೆರೆಸಿದ ಮದ್ದುಗಳಿರುತ್ತವೆ. ಆಯಿಲ್ ಚೂರು ಚೂರೇ ಉರಿದಾಗ ಇವು ಬೂದಿಯಾಗಿ ಫಿಲ್ಟರಿನಲ್ಲಿ ಕೂರುತ್ತವೆ. ಎಷ್ಟು ರೀಜನ್ ಮಾಡಿದರೂ ಬೂದಿ ಸುಡುವುದಿಲ್ಲ. ಆದ್ದರಿಂದಲೇ ಬಿಎಸ್-6 ಎಂಜಿನ್ನಿಗೆ ಬೂದಿ ಕಡಿಮೆ ಮಾಡುವ ದರ್ಜೆಯ ಆಯಿಲ್ ಬೇಕು. ಡಬ್ಬದ ಮೇಲೆ ಎಪಿಐ ಸಿಕೆ-4 ಎಂದೋ ಗಾಡಿಯ ಪುಸ್ತಕ ಹೇಳುವ ಬೇರೆ ದರ್ಜೆಯೋ ಇರುವುದನ್ನು ನೋಡಿಕೊಂಡು ಕೊಳ್ಳಿ. ಹಳೆಯ ಗಾಡಿಗೆ ಹಾಕುತ್ತಿದ್ದ ಆಯಿಲನ್ನೇ ಇದಕ್ಕೂ ಸುರಿದರೆ ಲೀಟರಿಗೆ ಉಳಿಸಿದ ಕೆಲವು ರೂಪಾಯಿಯನ್ನು ಫಿಲ್ಟರಿಗೆ ಹತ್ತರಷ್ಟು ತೆರಬೇಕಾಗುತ್ತದೆ.

ಬೂದಿ ತುಂಬಿದ ಫಿಲ್ಟರನ್ನು ಬಿಸಾಡಬೇಕಿಲ್ಲ. ಬಿಚ್ಚಿ, ವಿಶೇಷ ಯಂತ್ರದಲ್ಲಿಟ್ಟು ಹಿಮ್ಮುಖವಾಗಿ ಗಾಳಿ ಹಾಯಿಸಿ, ಬೇಕಾದರೆ ಕುಲುಮೆಯಲ್ಲಿ ಕಾಯಿಸಿ ಶುಚಿ ಮಾಡುತ್ತಾರೆ. ಕೆಲಸ ಸರಿಯಾಗಿ ಆಯಿತೇ ಎಂದು ತಿಳಿಯುವ ಸುಲಭ ದಾರಿ ತೂಕ. ಶುಚಿ ಮಾಡುವ ಮೊದಲಿನ ತೂಕ, ಆಮೇಲಿನ ತೂಕ ಎರಡನ್ನೂ ಬರೆದುಕೊಡುವಂತೆ ಕೇಳಿ. ಕೊಡಲು ಹಿಂದೆಮುಂದೆ ನೋಡುವವರ ಬಳಿ ಕೆಲಸ ಮಾಡಿಸಬೇಡಿ. ವಾಟರ್ ಸರ್ವಿಸಿನ ಗನ್ನು ಹಿಡಿದು ಒಳಗೆ ನೀರು ಹೊಡೆಯುವುದು, ಆ್ಯಸಿಡ್ ಸುರಿಯುವುದು, ಕಬ್ಬಿಣದ ಸಲಾಕೆಯಿಂದ ಚುಚ್ಚುವುದು, ಇವೆಲ್ಲ ಲೇಪವನ್ನೂ ಇಟ್ಟಿಗೆಯನ್ನೂ ಹಾಳು ಮಾಡುತ್ತವೆ. ಗ್ಯಾರೇಜಿನ ಹುಡುಗರಿಗೂ ಒಂದು ಮಾತು: ಫಿಲ್ಟರಿನಿಂದ ಉದುರುವ ಪುಡಿ ಉಸಿರಿನೊಳಗೆ ಹೋಗಬಾರದು. ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಯೂರಿಯಾದ ವಿಷಯಕ್ಕೆ ಬರೋಣ. ಡಿಇಎಫ್ ಎಂದು ಮಾರುವ ದ್ರಾವಣದಲ್ಲಿ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಖನಿಜಗಳನ್ನೆಲ್ಲ ತೆಗೆದ ಶುದ್ಧ ನೀರು. ಆಡ್‌ಬ್ಲೂ ಎಂಬುದೂ ಇದೇ. ಅದು ಜರ್ಮನಿಯ ವಾಹನ ತಯಾರಕರ ಸಂಘದ ನೋಂದಾಯಿತ ಹೆಸರು. ನೂರು ಲೀಟರ್ ಡೀಸೆಲ್ ಉರಿಯುವ ಹೊತ್ತಿಗೆ ಸುಮಾರು 4ರಿಂದ 6 ಲೀಟರ್ ಖರ್ಚಾಗುತ್ತದೆ. ಯೂರಿಯಾ ತಾನೇ, ಸೊಸೈಟಿಯಲ್ಲಿ ಸಿಗುವ ಗೊಬ್ಬರವನ್ನೇ ಬೋರ್‌ವೆಲ್ ನೀರಿಗೆ ಕಲಸಿ ಹಾಕೋಣ ಎನ್ನುವವರಿದ್ದಾರೆ. ಕೃಷಿಗೆ ಬರುವ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ ಡಿಇಎಫ್ ನಾಝಲ್ಲನ್ನೂ ಸಣ್ಣ ಫಿಲ್ಟರನ್ನೂ ಕಟ್ಟಿಸುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಎಸ್‌ಸಿಆರ್ ಇಟ್ಟಿಗೆಯ ಮೇಲೆ ಪದರವಾಗಿ ಕೂತು ಅದನ್ನು ಕೊಲ್ಲುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಆ ಗೊಬ್ಬರಕ್ಕೆ ಸರ್ಕಾರ ಸಬ್ಸಿಡಿ ಕೊಡುವುದು ಬೆಳೆಗಾಗಿ. ನಾಟಿಯ ಹೊತ್ತಿನಲ್ಲಿ ರೈತ ಒಂದು ಮೂಟೆಗೆ ಸಾಲು ನಿಲ್ಲುವಾಗ ಅದನ್ನು ಲಾರಿಯ ಟ್ಯಾಂಕಿಗೆ ತಿರುಗಿಸುವುದು ಕಾನೂನಿನ ಪ್ರಕಾರವೂ ಅಪರಾಧ.

ಇನ್ನು ಡಬ್ಬಿ ತೆಗೆಸುವ ಸಲಹೆ. ಬರೇ ಡಬ್ಬಿ ತೆಗೆದರೆ ಗಾಡಿ ಸರಿಯಾಗಿ ಓಡುವುದೇ ಇಲ್ಲ. ಸೆನ್ಸರುಗಳು ಸುಳ್ಳನ್ನು ಹಿಡಿಯುತ್ತವೆ, ಇಸಿಎಂ ಮೊದಲು ಟಾರ್ಕ್ ಇಳಿಸುತ್ತದೆ. ಹಾಗೇ ಓಡಿಸಿದರೆ ಗಾಡಿ ಗಂಟೆಗೆ 20 ಕಿಲೋಮೀಟರ್ ಮೀರದ ಹಂತಕ್ಕೆ ಬಂದು ನಿಲ್ಲುತ್ತದೆ. ಆಗ ಸೆನ್ಸರಿನ ಬದಲು ಸುಳ್ಳು ಸಂಕೇತ ಕೊಡುವ ಚಿಕ್ಕ ಪೆಟ್ಟಿಗೆ ಕೂರಿಸುತ್ತಾರೆ, ಇಲ್ಲವೇ ಇಸಿಎಂ ಒಳಗಿನ ಲೆಕ್ಕವನ್ನೇ ಬದಲಿಸುತ್ತಾರೆ. ಮಾಡಿಸಿದವರು ಗಾಡಿ ಚೆನ್ನಾಗಿ ಎಳೆಯುತ್ತಿದೆ ಎನ್ನುವುದು ನಿಜವೇ. ಕಟ್ಟಿಕೊಂಡ ಫಿಲ್ಟರು ತೆಗೆದಾಗ ಎಳೆತ ಬರಲೇಬೇಕು. ಶುಚಿ ಮಾಡಿಸಿದ್ದರೂ ಅಷ್ಟೇ ಬರುತ್ತಿತ್ತು. ಅದರ ಜೊತೆಗೆ ಹೆಚ್ಚು ಡೀಸೆಲ್ ಬಿಡುವ ಹಾಗೆ ಲೆಕ್ಕ ಬದಲಿಸಿದ್ದರೆ ಪಿಕಪ್ಪು ಇನ್ನೂ ಜೋರು ಅನ್ನಿಸುತ್ತದೆ. ಆದರೆ ಪಿಸ್ಟನ್ನು, ಟರ್ಬೊ, ಗೇರ್ ಬಾಕ್ಸುಗಳನ್ನು ಆ ಬಿಸಿಗೆ, ಆ ಒತ್ತಡಕ್ಕೆ ಮಾಡಿರುವುದಿಲ್ಲ. ಸವೆದ ಇಂಜೆಕ್ಟರು ಹಾಗೇ ಇರುತ್ತದೆ, ಅದರ ದೂರು ಹೇಳುತ್ತಿದ್ದ ದೀಪ ಮಾತ್ರ ಆರಿಹೋಗಿರುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಹೊಗೆಯ ನಿಯಮ ಮೀರಿದರೆ 190ನೇ ಕಲಮಿನಲ್ಲಿ ಮೂರು ತಿಂಗಳವರೆಗಿನ ಸಜೆ ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ ಆಗಬಹುದು. ಆದರೂ ಸಿಕ್ಕಿಬೀಳುವವರು ಕಡಿಮೆ. ನಮ್ಮ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ಕಪ್ಪು ಎಂದಷ್ಟೇ ನೋಡುತ್ತಾರೆ. ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಆ ಅನಿಲ ಕಣ್ಣಿಗೆ ಕಾಣುವುದೂ ಇಲ್ಲ. ಎಸ್‌ಸಿಆರ್ ಕೆಲಸ ನಿಲ್ಲಿಸಿದ ಲಾರಿ ಎಮಿಷನ್ ಸರ್ಟಿಫಿಕೇಟ್ ಹಿಡಿದುಕೊಂಡೇ ಓಡಾಡಬಹುದು. ಫಿಟ್‌ನೆಸ್ ಪರೀಕ್ಷೆಗೆ ಬರುವ ಪ್ರತಿ ಬಿಎಸ್-6 ಲಾರಿಗೂ ಸ್ಕ್ಯಾನರ್ ಹಾಕಿ, ಡಿಇಎಫ್ ನಿಜವಾಗಿ ಖರ್ಚಾಗುತ್ತಿದೆಯೇ ಎಂದು ನೋಡುವ ಕ್ರಮ ಬರಬೇಕು. ಅದಕ್ಕೆ ಬೇಕಾದ ಮಾಹಿತಿಯೆಲ್ಲ ಗಾಡಿಯೊಳಗೇ ಇದೆ, ಕೇಳುವವರು ಬೇಕು ಅಷ್ಟೆ.

ಡಬ್ಬಿ ತೆಗೆಸುವುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಅಮೆರಿಕದ ಉದಾಹರಣೆ ಕೊಡುತ್ತೇನೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರ ನವೆಂಬರ್‌ನಲ್ಲಿ ಒಂದು ವರದಿ ಕೊಟ್ಟಿತು. ಸುಮಾರು ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್ಕುಗಳ ಕನ್ವರ್ಟರು, ಫಿಲ್ಟರುಗಳನ್ನು ಹೀಗೆ ನಿಷ್ಕ್ರಿಯ ಮಾಡಲಾಗಿದೆ. ಆ ಗಾಡಿಗಳ ಬಾಳಿಕೆಯ ಅವಧಿಯಲ್ಲಿ 5,70,000 ಟನ್ನು ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್ ಗಾಳಿಗೆ ಸೇರುತ್ತದೆ ಎಂದು ಅದು ಲೆಕ್ಕ ಹಾಕಿತು. ಅಲ್ಲಿಯೂ ಕಾರಣ ಇದೇ, ಶಕ್ತಿ ಹೆಚ್ಚುತ್ತದೆ ಎಂಬ ಆಸೆ. ಈ ಅನಿಲ ಬಿಸಿಲಿಗೆ ಸಿಕ್ಕಿ ಓಜೋನ್ ಹುಟ್ಟಿಸುತ್ತದೆ, ಉಬ್ಬಸದವರನ್ನು ಆಸ್ಪತ್ರೆಗೆ ಕಳಿಸುತ್ತದೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲಿ ಖಚಿತವಾಗಿ ಹೇಳಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಚಾಲಕರು, ಕ್ಲೀನರುಗಳು, ಲೋಡು ಇಳಿಸುವ ಹಮಾಲರು, ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಮಲಗಿ ದುಡಿಯುವವರು.

ಇನ್ನು ಮೊದಲಿಗೆ ಹೇಳಿದ ಎರಡನೆಯ ಸಲಹೆ. ಸರಾಗವಾಗಿ ಹೊಗೆ ಬಿಡುವ, ಹೈ-ಫ್ಲೋ ಎಂದು ಮಾರುವ ಕನ್ವರ್ಟರು ಅಮೆರಿಕದ ಪೆಟ್ರೋಲ್ ಪಿಕಪ್ ಟ್ರಕ್ಕುಗಳಲ್ಲಿ ಬಳಕೆಯಲ್ಲಿದೆ. ಕಾರುಗಳ ಸಾಮಾನ್ಯ ಇಟ್ಟಿಗೆಯಲ್ಲಿ ಚದರ ಇಂಚಿಗೆ 400ರಷ್ಟು ತೂತುಗಳಿದ್ದರೆ ಇದರಲ್ಲಿ 200, ಗೋಡೆ ತೆಳ್ಳನೆಯ ಲೋಹದ ಹಾಳೆ. ಹಳೆಯ, ಕರಗಿ ಕಟ್ಟಿಕೊಂಡ ಕನ್ವರ್ಟರಿನ ಜಾಗಕ್ಕೆ ಇದು ಬಂದರೆ ವ್ಯತ್ಯಾಸ ಗೊತ್ತಾಗುತ್ತದೆ. ಸುಸ್ಥಿತಿಯಲ್ಲಿರುವುದರ ಜಾಗಕ್ಕೆ ಬಂದರೆ ಲಾಭ ಅತ್ಯಲ್ಪ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನ ಕಂಪನಿಯ ಕನ್ವರ್ಟರು ಹಾಕಿಸಬೇಕಾದರೆ ಅದರ ಮೇಲೆ ಸರ್ಕಾರದ ಅನುಮತಿ ಸಂಖ್ಯೆ ಇರಲೇಬೇಕು. ನಮ್ಮ ಡೀಸೆಲ್ ಲಾರಿಗೆ ಇಂಥ ವಿರಳ ತೂತಿನ ಡಿಓಸಿ ಹಾಕಿದರೆ ಎಡವಟ್ಟು. ಲೇಪದ ಮೈ ಕಡಿಮೆಯಾಗಿ ಶಾಖವೂ ನೈಟ್ರೋಜನ್ ಡೈಆಕ್ಸೈಡೂ ಸಾಲದೆ, ಹಿಂದಿನ ಫಿಲ್ಟರು ಮೊದಲಿಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಎಳೆತ ಹೆಚ್ಚಿಸಲು ಹೋಗಿ ಇದ್ದ ಎಳೆತ ಹೋಯಿತು ಎಂದಾಗುತ್ತದೆ.

ಹಳೆಯ ಲಾರಿಗಳಿಗೆ ಉತ್ತಮ ಸಾಧನ ಜೋಡಿಸಿ ನಿಜವಾದ ಲಾಭ ಪಡೆದ ಊರೂ ಒಂದಿದೆ. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಬಂದರಿಗೆ ಕಂಟೇನರ್ ಸಾಗಿಸುವ ಹಳೆಯ ಲಾರಿಗಳೆಲ್ಲ 2010ರ ಹೊತ್ತಿಗೆ ಡಿಪಿಎಫ್ ಹಾಕಿಸಬೇಕು, ಇಲ್ಲವೇ ಹೊಸದಾಗಬೇಕು ಎಂದು ಅಲ್ಲಿ ನಿಯಮವಾಯಿತು. ಬರ್ಕ್ಲಿಯ ವಿಜ್ಞಾನಿಗಳು ರಸ್ತೆಯ ಮೇಲ್ಸೇತುವೆಯಲ್ಲಿ ಯಂತ್ರ ಇಟ್ಟು, ಕೆಳಗೆ ಹಾಯುವ ಒಂದೊಂದು ಲಾರಿಯ ಹೊಗೆಯನ್ನೂ ಅಳೆದರು. ಒಂದು ವರ್ಷದೊಳಗೆ ಮಸಿ ಸುಮಾರು ಅರ್ಧಕ್ಕೆ ಇಳಿದಿತ್ತು, ನೈಟ್ರೋಜನ್ ಆಕ್ಸೈಡ್ ಸುಮಾರು ಶೇಕಡಾ 40ರಷ್ಟು ಇಳಿದಿತ್ತು. ಮುಂದಿನ ವರ್ಷಗಳಲ್ಲಿ ಅಳೆದಾಗ ಇನ್ನೊಂದೂ ಕಂಡಿತು: ಮಸಿಯ ದೊಡ್ಡ ಪಾಲು ಬರುತ್ತಿದ್ದುದು ಫಿಲ್ಟರು ಕೆಟ್ಟ ಕೆಲವೇ ಲಾರಿಗಳಿಂದ. ಹಾಕಿಸಿದ್ದನ್ನು ನೋಡಿಕೊಳ್ಳದಿದ್ದರೆ ಹಾಕಿಸಿದ ಫಲ ಉಳಿಯುವುದಿಲ್ಲ. ನಮ್ಮಲ್ಲಿ ಬಿಎಸ್-3, ಬಿಎಸ್-4 ಲಾರಿಗಳು ಇನ್ನೂ ಬಹಳ ಓಡುತ್ತಿವೆ. ಅವು ಕುಡಿಯುವ ಡೀಸೆಲ್ಲೂ ಈಗ ಹತ್ತು ಪಿಪಿಎಂನದೇ. ಹಿಂದೆ ಗಂಧಕದ ಕಾರಣಕ್ಕೆ ಆಗದಿದ್ದ ಕೆಲಸ ಈಗ ಆಗಬಹುದು. ಸರ್ಕಾರ ಪರೀಕ್ಷಿಸಿ ಒಪ್ಪಿದ ಸಾಧನಗಳು, ಮಾಲೀಕರಿಗೆ ಒಂದಿಷ್ಟು ನೆರವು ಇವೆರಡೂ ಸೇರಿದರೆ ಇಲ್ಲಿಯೂ ಹಾಗೆ ಮಾಡಲು ಅಡ್ಡಿಯಿಲ್ಲ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿದ್ದರೆ, ಅತಿ ಬಿಸಿಗೆ ಕರಗಿದ್ದರೆ, ಆಯಿಲಿನಲ್ಲಿ ಮಿಂದು ಲೇಪ ಸತ್ತಿದ್ದರೆ ಬೇರೆ ದಾರಿಯಿಲ್ಲ. ಆಗ ನಿಮ್ಮ ಎಂಜಿನ್ನಿಗೆಂದೇ ಗೊತ್ತುಪಡಿಸಿದ ಪಾರ್ಟ್ ನಂಬರಿನದನ್ನೇ ತೆಗೆದುಕೊಳ್ಳಿ. ನೋಡುವುದಕ್ಕೆ ಅದೇ ಅಳತೆಯ, ಬೆಲೆ ಬಹಳ ಕಡಿಮೆ ಇರುವ ಡಬ್ಬಿಯಲ್ಲಿ ಇರುವುದು ಹೆಸರಿಗೆ ಮಾತ್ರ ಪ್ಲಾಟಿನಂ. ಬೆಲೆ ಬಾಳುವುದೇ ಆ ಲೋಹ. ಅದಕ್ಕೇ ಹಳೆಯ ಕನ್ವರ್ಟರಿಗೂ ಗುಜರಿಯಲ್ಲಿ ಒಳ್ಳೆಯ ದುಡ್ಡಿದೆ, ಮೆಕ್ಯಾನಿಕ್ಕಿನ ಬಳಿ ಬಿಟ್ಟುಬರಬೇಡಿ. ವಾರಂಟಿ ಇದ್ದರೆ ಅದರ ಕಾಗದ, ಆಯಿಲ್ ಬದಲಿಸಿದ ಬಿಲ್ಲು, ಡಿಇಎಫ್ ಕೊಂಡ ಬಿಲ್ಲು ಜೋಪಾನವಾಗಿಡಿ. ತಪ್ಪು ಯಾರದೆಂಬ ಮಾತು ಬಂದಾಗ ನಿಮ್ಮ ಪರವಾಗಿ ನಿಲ್ಲುವುದು ಅವೇ. ಹೊಸದನ್ನು ಕೂರಿಸುವ ಮೊದಲು ಹಳೆಯದು ಏಕೆ ಕೆಟ್ಟಿತೆಂದು ಬರೆಸಿಕೊಂಡೇ ದುಡ್ಡು ಕೊಡಿ.

ಮಾಲೀಕರಲ್ಲಿ ನನ್ನದೊಂದು ಬೇಡಿಕೆಯಿದೆ. ರೀಜನ್‌ಗೆ ಗಾಡಿ ನಿಲ್ಲಿಸಿದರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಹಿಡಿಯುತ್ತದೆ. ತರಕಾರಿ ಲೋಡು ಬೆಳಗಿನ ಜಾವದೊಳಗೆ ಮಾರುಕಟ್ಟೆ ಮುಟ್ಟಬೇಕು, ತಡವಾದರೆ ಬಾಡಿಗೆ ಕಡಿತ ಎಂದು ಗೊತ್ತಿರುವ ಚಾಲಕ ದೀಪ ಹತ್ತಿದರೂ ನಿಲ್ಲಿಸುವುದಿಲ್ಲ. ಅವನ ಮೇಲೆ ತಪ್ಪು ಹೊರಿಸುವುದು ಸುಲಭ, ನ್ಯಾಯವಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಆ ಹೊತ್ತನ್ನು ಮೊದಲೇ ಸೇರಿಸಿ. ಯಾವ ದೀಪ ಏನು ಹೇಳುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಒಣ ಹುಲ್ಲಿನ ಮೇಲೆ, ಪೆಟ್ರೋಲ್ ಬಂಕಿನಲ್ಲಿ, ಹುಲ್ಲು, ಹತ್ತಿಯ ಲೋಡುಗಳ ಪಕ್ಕದಲ್ಲಿ ರೀಜನ್ ಮಾಡಬಾರದೆಂದೂ ತಿಳಿಸಿ, ಆ ಹೊತ್ತಿಗೆ ಸೈಲೆನ್ಸರ್ ಕೆಂಡದಷ್ಟು ಬಿಸಿಯಾಗಿರುತ್ತದೆ. ಈ ಕಾರಣಕ್ಕೆ ತಡವಾಗಿ ಬಂದ ಚಾಲಕನ ಬಾಟಾದಲ್ಲಿ ಒಂದು ರೂಪಾಯಿಯನ್ನೂ ಮುರಿದುಕೊಳ್ಳಬೇಡಿ.